ಹೊಸ ಯಂತ್ರವನ್ನು ಪಳಗಿಸುವುದು

ಹೊಸ ಕಾವಲಿಯ ಮೇಲೆ ಹೊಯ್ದ ಮೊದಲನೆಯ ದೋಸೆಯು ಏಳುವುದಿಲ್ಲವೆಂಬುದು ಕನ್ನಡನಾಡಿನ ಗೃಹಿಣಿಯರೆಲ್ಲರೂ ಬಲ್ಲ ಸಂಗತಿ. ಅಂಗಡಿಯಿಂದ ತಂದ ಕಬ್ಬಿಣವನ್ನು ತೊಳೆದು, ಎಣ್ಣೆ ಸವರಿ, ಸಣ್ಣ ಉರಿಯ ಮೇಲೆ ಕಾಯಿಸಿ, ಆರಿಸಿ, ಮತ್ತೆ ಸವರಿ, ಮತ್ತೆ ಕಾಯಿಸಿ, ಹೀಗೆ ಎರಡು ಮೂರು ದಿನ ಅದರ ಉಪಚಾರ ಮಾಡಿದ ಮೇಲೆಯೇ ಅದು ಅಡುಗೆಯವಳ ಮಾತು ಕೇಳಲು ತೊಡಗುವುದು. ಈ ಕೆಲಸಕ್ಕೆ ಪಳಗಿಸುವುದೆಂದು ಹೆಸರು. ಹೋರಿಯನ್ನು ನೊಗಕ್ಕೂ ಆನೆಯನ್ನು ಅಂಕುಶಕ್ಕೂ ಒಗ್ಗಿಸುವುದಕ್ಕೆ ಇರುವ ಮಾತೂ ಇದೇ. ಪ್ರಾಣವುಳ್ಳ ಹೋರಿಗೂ ಪ್ರಾಣವಿಲ್ಲದ ಕಾವಲಿಗೂ ಒಂದೇ ಕ್ರಿಯಾಪದವನ್ನು ಬಳಸಿದ ಹಿರಿಯರು ಲೋಹದ ಸ್ವಭಾವವನ್ನು ಚೆನ್ನಾಗಿಯೇ ಬಲ್ಲವರಾಗಿದ್ದಿರಬೇಕು.

ಈ ಪಳಗಿಸುವ ಕಾರ್ಯವು ಒಂದು ಆಟದ ಬಂಡಿಯ ಯಂತ್ರದಲ್ಲಿ ಎಷ್ಟು ಸೂಕ್ಷ್ಮವಾದ ಶಾಸ್ತ್ರವಾಗಿ ಬೆಳೆದಿದೆ, ಆ ಶಾಸ್ತ್ರದಲ್ಲಿ ಎಂಥ ಮತಭೇದಗಳೂ ಎಂಥ ಅನರ್ಥಗಳೂ ಹುಟ್ಟಿವೆ ಎಂಬುದನ್ನು ಕೇಳಿದರೆ ವಾಚಕರಿಗೆ ಆಶ್ಚರ್ಯವಾಗದಿರದು. ಅಮೆರಿಕ, ಇಂಗ್ಲೆಂಡು, ಇಟಲಿ, ಜಪಾನು ಮೊದಲಾದ ದೇಶಗಳಲ್ಲಿ ರೇಡಿಯೋ ಅಲೆಗಳ ಮೂಲಕ ದೂರದಿಂದ ನಡೆಸತಕ್ಕ ಸಣ್ಣ ಕಾರುಗಳ ಹವ್ಯಾಸವೊಂದುಂಟು. ಆಟವೆಂದು ಕರೆದರೂ ಇದು ಮಕ್ಕಳಿಗೇ ಮೀಸಲಾದುದಲ್ಲ. ತಲೆ ನರೆತವರೂ ಇದರಲ್ಲಿ ಮಗ್ನರಾಗಿರುತ್ತಾರೆ. ಇದಕ್ಕೆ ಸಂಘಗಳುಂಟು, ಕಟ್ಟಳೆಗಳುಂಟು. ನಿಜವಾದ ಕಾರಿನ ಎಂಟರಲ್ಲೊಂದು ಅಳತೆಯಲ್ಲಿ ಮಾಡಿದ, ಮಣ್ಣಿನ ಹಾದಿಯ ಮೇಲೆ ಓಡತಕ್ಕ ಬಂಡಿಗಳ ವಿಶ್ವಸ್ಪರ್ಧೆಯು ೧೯೮೬ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಮೊದಲ ಬಾರಿಗೆ ನಡೆಯಿತು. ಇಂಥ ಬಂಡಿಯ ಹೊಟ್ಟೆಯಲ್ಲಿರುವ ಯಂತ್ರದ ಗಾತ್ರವು ಕೇವಲ ೩.೫ ಸಿ.ಸಿ.; ಅಂಗೈಯಲ್ಲಿ ಹಿಡಿಸುವಷ್ಟು. ಅದರ ತೊಟ್ಟಿಗೆ ಹಿಡಿಯುವ ಇಂಧನ ೧೨೫ ಸಿ.ಸಿ. ಆದರೆ ಈ ಅಂಗೈಯಗಲದ ಯಂತ್ರವು ನಿಮಿಷಕ್ಕೆ ೩೦,೦೦೦ ಸುತ್ತು ತಿರುಗುವುದು ಸಾಮಾನ್ಯ. ಎಂದರೆ ಸೆಕೆಂಡಿಗೆ ೫೦೦ ಸುತ್ತು. ಕಣ್ಣು ರೆಪ್ಪೆ ಹಾಕುವಷ್ಟರಲ್ಲಿ ಒಳಗಣ ಪಿಸ್ಟನ್ನು ನೂರಕ್ಕೆ ಮೇಲ್ಪಟ್ಟು ಸಲ ಮೇಲೆ ಹೋಗಿ ಕೆಳಗೆ ಬಂದಿರುತ್ತದೆ. ಮನುಷ್ಯನು ಏರಿ ಕುಳಿತು ಸವಾರಿ ಮಾಡುವ ಕಾರಿನ ಯಂತ್ರವು ಈ ವೇಗದ ಐದನೆಯ ಒಂದು ಪಾಲನ್ನೂ ಮುಟ್ಟುವುದು ಅಪರೂಪ.

ಈ ಯಂತ್ರದ ವಂಶಾವಳಿಯು ವಿಮಾನದ ಮಾದರಿಗಳಿಂದ ಬಂದುದು. ೧೯೩೦ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ಹಾರಿಸುತ್ತಿದ್ದ ಮಾದರಿ ವಿಮಾನಗಳ ಯಂತ್ರಗಳಿಗೆ ಪೆಟ್ರೋಲು, ಬ್ಯಾಟರಿ, ತಂತಿಯ ಸುರುಳಿ, ಕಿಡಿ ಹಾರಿಸುವ ಪ್ಲಗ್ಗು ಎಲ್ಲವೂ ಬೇಕಾಗಿದ್ದವು. ವಿಮಾನಕ್ಕೆ ಯಂತ್ರದ ಭಾರಕ್ಕಿಂತ ಈ ಪರಿವಾರದ ಭಾರವೇ ಹೊರೆಯಾಗುತ್ತಿತ್ತು. ನಡುವೆ ನೆಟ್ಟ ಕಂಬಕ್ಕೆ ತಂತಿಯಿಂದ ಬಿಗಿದು ವೃತ್ತಾಕಾರವಾಗಿ ಓಡಿಸುವ ಪಂದ್ಯದ ಕಾರುಗಳಿಗೂ ಇಂಥವೇ ಯಂತ್ರಗಳನ್ನು ಹಾಕಿದರು. ೧೯೪೭ರಲ್ಲಿ ರೇ ಆರ್ಡೆನ್ ಎಂಬ ಅಮೆರಿಕದ ಯಂತ್ರಜ್ಞನು ಗ್ಲೋ ಪ್ಲಗ್ಗು ಎಂಬುದನ್ನು ಮಾರಾಟಕ್ಕೆ ತಂದ ಮೇಲೆ ಈ ಪರಿವಾರವೆಲ್ಲವೂ ಉದುರಿಹೋಯಿತು. ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿಯೊಂದು ಇದರ ಸರ್ವಸ್ವ. ಅದಕ್ಕೆ ಮೊದಲು ಒಂದೂವರೆ ವೋಲ್ಟಿನ ವಿದ್ಯುತ್ತನ್ನು ಕೊಟ್ಟು ಕೆಂಪಗೆ ಕಾಯಿಸಿ ಯಂತ್ರವನ್ನು ಚಾಲೂ ಮಾಡಬೇಕು; ಆಮೇಲೆ ವಿದ್ಯುತ್ತನ್ನು ಕಿತ್ತುಹಾಕಿದರೂ ತಂತಿಯು ಆರುವುದಿಲ್ಲ. ಒಳಗಿನ ಕಾವಿನಿಂದಲೂ, ಪ್ಲಾಟಿನಂ ಲೋಹದ ಸಾನ್ನಿಧ್ಯದಲ್ಲಿ ಮೆಥನಾಲಿನ ಆವಿಯು ತಾನೇ ಉರಿಯುವುದರಿಂದಲೂ ಅದು ಸದಾ ಕೆಂಪಾಗಿಯೇ ಇರುವುದು. ಪ್ಲಾಟಿನಂ ತಂತಿಗೆ ಈ ಗುಣವುಂಟೆಂಬುದನ್ನು ಸರ್ ಹಂಫ್ರಿ ಡೇವಿಯು ೧೮೧೭ರಷ್ಟು ಹಿಂದೆಯೇ ಕಂಡುಹಿಡಿದಿದ್ದನು. ನೂರಮೂವತ್ತು ವರ್ಷಗಳ ಬಳಿಕ ಆ ವಿದ್ಯೆಯು ಆಟಿಕೆಯ ಯಂತ್ರದಲ್ಲಿ ಫಲಿಸಿತು. ರೇಡಿಯೋ ಕಾರುಗಳು ಮಾರುಕಟ್ಟೆಗೆ ಬಂದದ್ದು ಅದಕ್ಕೂ ಈಚೆಗೆ, ೧೯೬೦ರ ದಶಕದ ನಡುಗಾಲದಿಂದ ಮುಂದಕ್ಕೆ. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿಯೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಇವುಗಳನ್ನು ತಯಾರಿಸುವವರು ಕಾಣಿಸಿಕೊಂಡರು.

ಇಂಧನದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡಬಹುದು. ಇದು ಪೆಟ್ರೋಲಲ್ಲ. ಮೆಥನಾಲು ಇದರ ಮುಖ್ಯ ದ್ರವ್ಯ, ಬಲಕ್ಕಾಗಿ ನೈಟ್ರೋಮೀಥೇನ್ ಸ್ವಲ್ಪ, ಜಾರುವುದಕ್ಕಾಗಿ ಎಣ್ಣೆ. ಆ ಎಣ್ಣೆಯು ಬಹುಮಟ್ಟಿಗೆ ಹರಳೆಣ್ಣೆಯೆಂದು ಕೇಳಿ ವಾಚಕರು ನಗಬಾರದು. ಅಜ್ಜಿಯರು ಮಕ್ಕಳನ್ನು ಅಟ್ಟಿಸಿಕೊಂಡು ಹೋಗಿ ಕುಡಿಸುತ್ತಿದ್ದ ಆ ಏರಂಡತೈಲವೇ ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುಯಂತ್ರಗಳಲ್ಲಿ ಉರಿದು ಹೊಗೆಯಾದುದು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಹುಟ್ಟಿದುದೂ ಈ ಎಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಇದು ಮದ್ಯಸಾರದಲ್ಲಿ ಸುಲಭವಾಗಿ ಬೆರೆಯುತ್ತದೆ. ವಿಪರೀತ ಕಾವಿನಲ್ಲಿಯೂ ಲೋಹದ ಮೈಯನ್ನು ಬಿಟ್ಟು ಹೋಗುವುದಿಲ್ಲ. ರಸಾಯನಶಾಲೆಗಳಲ್ಲಿ ಮಾಡಿದ ಹೊಸ ಎಣ್ಣೆಗಳು ಯಂತ್ರವನ್ನು ಹೆಚ್ಚು ಶುಚಿಯಾಗಿಡುತ್ತವೆಯಾದರೂ ಕಷ್ಟಕಾಲದಲ್ಲಿ ಹರಳೆಣ್ಣೆಯಷ್ಟು ನಂಬಿಕೆಗೆ ಅರ್ಹವಲ್ಲ. ಆದಕಾರಣ ಎರಡನ್ನೂ ಬೆರಸಿ ಉಪಯೋಗಿಸುವುದೇ ವಾಡಿಕೆ. ಮೆಥನಾಲಿನ ವಿಷಯದಲ್ಲಿ ಮಾತ್ರ ನಗುವಿಗೆ ಎಡೆಯಿಲ್ಲ. ಅದು ಘೋರವಾದ ವಿಷ. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕಳ್ಳಮದ್ಯ ಕುಡಿದು ಮುನ್ನೂರರಷ್ಟು ಜನ ಸತ್ತುದು ಈ ದ್ರವ್ಯದಿಂದಲೇ. ಇದರ ಜ್ವಾಲೆಯು ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣಿಸದು. ಮೇಜಿನ ಮೇಲೆ ಬೆಂಕಿ ಹತ್ತಿದ್ದು ಕೈ ಸುಟ್ಟ ಮೇಲೆಯೇ ತಿಳಿಯುವುದುಂಟು.

ಇನ್ನು ಯಂತ್ರದ ಒಳಗನ್ನು ನೋಡೋಣ. ವಿಷಯವೆಲ್ಲವೂ ಇರುವುದು ಅಲ್ಲಿಯೇ. ಹಳೆಯ ಮಾದರಿ ಯಂತ್ರಗಳಲ್ಲಿ ಉಕ್ಕಿನ ಸಿಲಿಂಡರು, ಅದರಲ್ಲಿ ಎರಕದ ಕಬ್ಬಿಣದ ಪಿಸ್ಟನ್ನು. ಎರಡೂ ಒಂದೇ ಕುಲದ ಲೋಹಗಳು. ಕಾವಿಗೆ ಹಿಗ್ಗುವುದೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ. ಹೊಸದರಲ್ಲಿ ಇವುಗಳ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿರುತ್ತವೆ. ಒಂದನ್ನೊಂದು ಉಜ್ಜಿದಾಗ ಆ ಉಬ್ಬುಗಳಲ್ಲಿ ಕಾವು ಹುಟ್ಟಿ, ಪಿಸ್ಟನ್ನು ಅಲ್ಲಲ್ಲಿ ಉಬ್ಬಿ, ಕಚ್ಚಿಕೊಂಡು ನಿಲ್ಲುವ ಭಯವುಂಟು. ಆದುದರಿಂದ ಹಿರಿಯರು ಮಾಡಿದ ವಿಧಿ ಇದು: ಹೊಸ ಯಂತ್ರವನ್ನು ತಣ್ಣಗೆ ಓಡಿಸು, ಮೆಲ್ಲಗೆ ಓಡಿಸು, ಸ್ವಲ್ಪಸ್ವಲ್ಪ ಹೊತ್ತು ಓಡಿಸು, ಗಾಳಿಗಿಂತ ಇಂಧನವು ಹೆಚ್ಚಾಗಿರುವ ಮಿಶ್ರಣವನ್ನೇ ಕೊಡು. ಅಲ್ಲಿನವರು ರಿಚ್ ಎನ್ನುವ ಈ ಮಿಶ್ರಣದಲ್ಲಿ ಎಣ್ಣೆಯೂ ಹೆಚ್ಚಾಗಿ ಹೋಗುವುದು; ಉರಿಯದೆ ಉಳಿದ ಮೆಥನಾಲು ಆವಿಯಾಗುತ್ತ ಕಾವನ್ನೂ ಹೊತ್ತುಕೊಂಡು ಹೋಗುವುದು. ಕನ್ನಡನಾಡಿನಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರುಸೈಕಲನ್ನು ಕೊಂಡ ಮನೆತನಗಳಿಗೆ ಇದು ಹೊಸ ಮಾತಲ್ಲ. ೧೯೯೬ರಲ್ಲಿ ಮುಚ್ಚಿಹೋದ ಆ ಕಾರ್ಖಾನೆಯ ಗಾಡಿಗಳಿಗೂ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರಸಬೇಕಾಗಿತ್ತು. ಗಾಡಿ ಹೊಸದಾಗಿದ್ದಾಗ ಎಣ್ಣೆಯ ಪಾಲನ್ನು ಹೆಚ್ಚಿಸಿ, ವೇಗವನ್ನು ಅಂಕೆಯಲ್ಲಿಟ್ಟು, ಹೊಸ ಮದುಮಗಳನ್ನು ಕರೆತರುವಂತೆ ಮೆಲ್ಲಗೆ ನಡೆಸುತ್ತಿದ್ದ ತಂದೆ ತಾತಂದಿರನ್ನು ಅನೇಕರು ನೋಡಿರಬಹುದು.

ವಿಧಿಯು ಸರಿಯಾದುದೇ. ಆದರೆ ೧೯೬೦ರ ದಶಕದಲ್ಲಿ ವೇಗಸ್ಪರ್ಧೆಯ ಮಾದರಿ ವಿಮಾನಗಳವರು ಲೋಹವನ್ನು ಬದಲಾಯಿಸಿದರು. ಕಬ್ಬಿಣದ ಪಿಸ್ಟನ್ನಿಗೆ ಬದಲಾಗಿ ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮು; ಉಕ್ಕಿನ ಸಿಲಿಂಡರಿಗೆ ಬದಲಾಗಿ ಹಿತ್ತಾಳೆಯ ಕೊಳವೆ; ಹಿತ್ತಾಳೆಯು ಮೃದುವಾದ್ದರಿಂದ ಅದರ ಒಳಮೈಗೆ ಕ್ರೋಮಿಯಂ ಲೇಪ. ಅಲ್ಯೂಮಿನಿಯಮ್, ಬ್ರಾಸ್, ಕ್ರೋಮ್ ಎಂಬ ಮೂರು ಹೆಸರುಗಳ ಮೊದಲಕ್ಷರಗಳಿಂದ ಇದಕ್ಕೆ ಎ.ಬಿ.ಸಿ. ಎಂದು ಹೆಸರಾಯಿತು. ಕಾರುಗಳ ಯಂತ್ರಗಳು ಬಹುಮಟ್ಟಿಗೆ ಇದೇ ಕುಲದವು. ಇದರ ರಹಸ್ಯವು ಕೊಳವೆಯ ಆಕಾರದಲ್ಲಿದೆ. ಅದು ಮೇಲಿಂದ ಕೆಳಗಿನವರೆಗೆ ಸಮವಾಗಿಲ್ಲ. ಮೇಲುಗಡೆ ಎಳೆಯಷ್ಟು ಕಿರಿದು. ತಣ್ಣಗಿರುವಾಗ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿದರೆ ಪಿಸ್ಟನ್ನು ಮೇಲಕ್ಕೇರಿ, ಆ ಕಿರಿದಾದ ಕಂಠದಲ್ಲಿ ಸಿಕ್ಕಿ, ಮುಂದಕ್ಕೆ ಹೋಗಲೊಲ್ಲೆನೆಂದು ಮುಷ್ಕರ ಹೂಡುತ್ತದೆ. ಹೊಸಬನು ಇದನ್ನು ಕಂಡು ಯಂತ್ರವು ಕೆಟ್ಟಿತೆಂದೇ ತಿಳಿಯುತ್ತಾನೆ. ಆದರೆ ಕೊಳವೆಗೆ ಕಾವೇರಿದಂತೆ ಕಂಠವು ಅಗಲವಾಗುತ್ತದೆ. ಹದಿನಾರು ಮಿಲಿಮೀಟರು ವ್ಯಾಸದ ಹಿತ್ತಾಳೆಯು ನೂರು ಡಿಗ್ರಿಗಳಷ್ಟು ಕಾದರೆ ಸುಮಾರು ೦.೦೩ ಮಿಲಿಮೀಟರು ಹಿಗ್ಗುವುದು. ತಲೆಗೂದಲಿನ ದಪ್ಪದ ಅರ್ಧವೂ ಆಗದು. ಪಿಸ್ಟನ್ನೂ ಹಿಗ್ಗುತ್ತದೆ, ಆದರೆ ಕೊಳವೆಯಷ್ಟಲ್ಲ. ಈ ಎರಡು ಹಿಗ್ಗುಗಳ ಅಂತರದಲ್ಲಿ ಯಂತ್ರದ ಆಯುಷ್ಯವೆಲ್ಲ ಅಡಗಿದೆ. ಓಡುವ ಕಾವಿನಲ್ಲಿ, ಎಂದರೆ ತಲೆಯ ಭಾಗವು ೧೦೦ರಿಂದ ೧೨೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಇರುವಾಗ, ಕಂಠವು ಪಿಸ್ಟನ್ನನ್ನು ಅಪ್ಪಿಯೂ ಅಪ್ಪದಂತೆ ಇರಬೇಕು. ಅಪ್ಪುಗೆ ಸಡಿಲಿದರೆ ಒತ್ತಡ ನಿಲ್ಲದು. ಬಿಗಿಯಾದರೆ ಕನೆಕ್ಟಿಂಗ್ ರಾಡೆಂಬ ಸಣ್ಣ ತೋಳು ನವೆಯುವುದು.

ಈಗ ಪಳಗಿಸುವ ಪೀಠದ ವಿಷಯ. ಯಂತ್ರವನ್ನು ಬಂಡಿಯಲ್ಲಿ ಕೂರಿಸುವುದಕ್ಕೆ ಮುಂಚೆ ಮೇಜಿನ ಮೇಲೆ ಬಿಗಿದು ಓಡಿಸಿ ನೋಡುವ ಸಾಧನ ಇದು. ಬೆಂಚು ಸ್ಟ್ಯಾಂಡೆಂದು ಇದಕ್ಕೆ ಅಲ್ಲಿನ ಹೆಸರು. ಗಟ್ಟಿ ಮರದ ಹಲಗೆ ಅಥವಾ ಅಲ್ಯೂಮಿನಿಯಮ್ಮಿನ ತಗಡು, ಅದರ ಮೇಲೆ ಯಂತ್ರದ ಎರಡು ಕಿವಿಗಳನ್ನು ಹಿಡಿದುಕೊಳ್ಳುವ ಎರಡು ಕಂಬಿಗಳು, ಪಕ್ಕದಲ್ಲಿ ಇಂಧನದ ತೊಟ್ಟಿ, ಅದರ ನಡುಮಟ್ಟ ಕಾರ್ಬುರೇಟರಿನ ಮಟ್ಟಕ್ಕೆ ಸರಿಯಾಗಿರುವಂತೆ, ಹೊಗೆಯ ಕೊಳವೆ, ಗಾಳಿಯನ್ನು ಸೋಸುವ ಎಣ್ಣೆ ಸವರಿದ ಸ್ಪಂಜು. ನೋಡಲು ಬಡಗಿಯ ಮನೆಯ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ವಸ್ತು. ಆದರೆ ಇದರಲ್ಲಿ ಸಡಿಲವಾದ ತಿರುಪು ಒಂದೇ ಒಂದು ಇದ್ದರೂ ಸಾಕು. ಯಂತ್ರದ ಅದುರುವಿಕೆಗೆ ತೊಟ್ಟಿಯಲ್ಲಿಯ ಇಂಧನವು ಮಜ್ಜಿಗೆಯಂತೆ ನೊರೆಯೇಳುವುದು. ಕೊಳವೆಯಲ್ಲಿ ಗಾಳಿಯ ಗುಳ್ಳೆಗಳು ಹೋಗುವುವು. ಇಂಧನವು ಕಡಮೆಯಾಗಿ ಗಾಳಿಯು ಹೆಚ್ಚಾಗುವುದು. ಯಂತ್ರವು ತಾನಾಗಿಯೇ ಕೂಗುತ್ತ ವೇಗವನ್ನು ಏರಿಸಿಕೊಳ್ಳುವುದು. ಎಣ್ಣೆಯೂ ಇಂಧನದೊಡನೆಯೇ ಬರತಕ್ಕದ್ದಾದ್ದರಿಂದ, ಅತ್ಯಂತ ಹೆಚ್ಚು ಎಣ್ಣೆ ಬೇಕಾದ ಗಳಿಗೆಯಲ್ಲಿಯೇ ಅತ್ಯಂತ ಕಡಮೆ ಎಣ್ಣೆ ಸಿಕ್ಕುವುದು.

ವಿಮಾನದ ಯಂತ್ರಕ್ಕೂ ಕಾರಿನ ಯಂತ್ರಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವುಂಟು; ಇದನ್ನು ಮರೆತು ಕೆಟ್ಟವರು ಬಹಳ ಮಂದಿ. ವಿಮಾನದ ಯಂತ್ರವನ್ನು ಪೀಠಕ್ಕೆ ಬಿಗಿದಾಗ ಅದರ ಮೂತಿಯಲ್ಲಿ ಪ್ರೊಪೆಲ್ಲರು ಇರುತ್ತದೆ. ಗಾಳಿಯನ್ನು ಕಡೆಯುವ ಕೆಲಸವೇ ಅದಕ್ಕೆ ಹೊರೆ. ಅದರಿಂದ ಬರುವ ಗಾಳಿಯೇ ಅದಕ್ಕೆ ತಂಪು. ಕಾರಿನ ಯಂತ್ರಕ್ಕೆ ಪೀಠದ ಮೇಲೆ ಎರಡೂ ಇಲ್ಲ. ಆದುದರಿಂದ ಹಿಂದುಗಡೆಯಲ್ಲಿ ಒಂದು ಬೀಸಣಿಗೆಯನ್ನಿಡುವ ಪದ್ಧತಿ. ಹೊರೆಗೆ ಮಾತ್ರ ಉಪಾಯವಿಲ್ಲ. ನೊಗವಿಲ್ಲದ ಹೋರಿಯನ್ನು ಬಿಟ್ಟಂತೆ, ಗಾಳಿಯ ಬಾಗಿಲನ್ನು ಸ್ವಲ್ಪ ಹೆಚ್ಚಾಗಿ ತೆರೆದರೂ ಯಂತ್ರವು ಕ್ಷಣಮಾತ್ರದಲ್ಲಿ ತನ್ನ ಮಿತಿಯನ್ನು ದಾಟಿ, ತೋಳು ಮುರಿದುಕೊಂಡು ನಿಲ್ಲುತ್ತದೆ. ಫ್ಲೈವೀಲಿನ ಮೇಲೆ ಕ್ಲಚ್ಚಿನ ಪಾದಗಳನ್ನು ಹಾಗೆಯೇ ಬಿಟ್ಟಿದ್ದರಂತೂ, ಅವುಗಳನ್ನು ಅಡಗಿಸುವ ಬಟ್ಟಲು ಇಲ್ಲದ ಕಾರಣ, ಅವು ಬಂದೂಕಿನ ಗುಂಡುಗಳಂತೆ ಸಿಡಿದುಹೋಗಬಹುದು. ಬಲ್ಲವರು ಅವುಗಳನ್ನು ಕಳಚಿಟ್ಟು, ಬರಿಯ ಫ್ಲೈವೀಲನ್ನು ಮಾತ್ರ ಬಿಗಿಯುತ್ತಾರೆ. ಮುಚ್ಚಿದ ಕೋಣೆಯಲ್ಲಿ ಈ ಕಾರ್ಯವನ್ನು ಮಾಡುವುದು ಆತ್ಮಹತ್ಯೆಗೆ ಸಮಾನ. ಈ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವೂ ಸೇರಿರುತ್ತದೆ. ನೆರೆಮನೆಯವರ ಕಿವಿಯ ಪಾಡನ್ನು ಹೇಳದಿರುವುದೇ ಲೇಸು.

ಇನ್ನು ಅನರ್ಥದ ಕಥೆ. ಲೆಸ್ಟರಿನಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಅಂಥವರು ಒಬ್ಬರಲ್ಲ, ನೂರಾರು ಮಂದಿ ಆಗಿಹೋಗಿದ್ದಾರೆ. ಮನೆಮನೆಗೆ ಪತ್ರಿಕೆ ಹಾಕಿ, ನೆರೆಯವರ ಅಂಗಳದ ಹುಲ್ಲು ಕತ್ತರಿಸಿ, ಒಂದು ವರ್ಷ ಕಾಸಿಗೆ ಕಾಸು ಕೂಡಿಸಿ ಅವನು ಒಂದು ಹೊಸ ಯಂತ್ರವನ್ನು ಕೊಂಡುತಂದಿದ್ದಾನೆ. ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರು; ನಲವತ್ತು ವರ್ಷ ಮಾದರಿ ವಿಮಾನಗಳನ್ನು ಹಾರಿಸಿದವರು; ಹುಡುಗನಲ್ಲಿ ಪ್ರೀತಿಯುಳ್ಳವರು. ಅವರು ತಾವು ಕಲಿತುದನ್ನು ಕಲಿತ ಹಾಗೆಯೇ ಕಲಿಸುತ್ತಾರೆ: ತಣ್ಣಗಿರಲಿ, ಮೆಲ್ಲಗಿರಲಿ, ಹೊಗೆಯು ದಟ್ಟವಾಗಿ ಬರುತ್ತಿರಲಿ, ಆರು ತೊಟ್ಟಿ ಇಂಧನವು ಹೀಗೆಯೇ ಮುಗಿಯಲಿ. ಹುಡುಗನು ಆ ಮಾತನ್ನು ಒಂದಕ್ಷರವೂ ಮೀರುವುದಿಲ್ಲ. ಬೀಸಣಿಗೆಯನ್ನು ಹಚ್ಚಿ, ಇಂಧನದ ಸೂಜಿತಿರುಪನ್ನು ಬಹಳವಾಗಿ ಬಿಚ್ಚಿ, ಯಂತ್ರವನ್ನು ಗೊರಗೊರನೆ ಗೊಣಗುವಂತೆ ಓಡಿಸುತ್ತಾನೆ. ಇಂಧನ ಅಷ್ಟು ಹೆಚ್ಚಾದಾಗ ಯಂತ್ರವು ಪ್ರತಿ ಸುತ್ತಿಗೂ ಉರಿಯದೆ ಎರಡು ಸುತ್ತಿಗೊಮ್ಮೆ ಉರಿಯುವುದು. ತಲೆಯ ಮೇಲೆ ಕೈಯಿಟ್ಟರೂ ಸಹಿಸಬಹುದಾದಷ್ಟೇ ಕಾವು. ಹಿರಿಯರು ಬಂದು ನೋಡಿ ಸಂತೋಷಪಡುತ್ತಾರೆ.

ಒಳಗೆ ಆಗುತ್ತಿರುವುದು ಏನು? ಕೊಳವೆಗೆ ಬೇಕಾದ ಕಾವು ಬರಲಿಲ್ಲವಾದ್ದರಿಂದ ಕಂಠವು ಅಗಲವಾಗಲಿಲ್ಲ. ನಿಮಿಷಕ್ಕೆ ಸಾವಿರಾರು ಸಲ ಪಿಸ್ಟನ್ನಿನ ಅಂಚನ್ನು ಆ ಇಕ್ಕಟ್ಟಿನೊಳಕ್ಕೆ ತುರುಕಿ ಹೊರಕ್ಕೆ ಎಳೆದಂತಾಗುತ್ತಿದೆ. ಬಿಸಿಯಲ್ಲಿ ಅಪ್ಪಿಕೊಳ್ಳಬೇಕಾಗಿದ್ದ ಲೋಹವು ತಣ್ಣಗಿರುವಾಗಲೇ ಸವೆದು ಹೋಗುತ್ತಿದೆ. ತೋಳಿನ ಕೆಳಗಣ ಕಣ್ಣು ದುಂಡನೆಯ ಆಕಾರವನ್ನು ಬಿಟ್ಟು ಮೊಟ್ಟೆಯಾಕಾರಕ್ಕೆ ಬರುತ್ತಿದೆ. ಆರು ತೊಟ್ಟಿಯ ಕೊನೆಯಲ್ಲಿ ಫ್ಲೈವೀಲು ಬೆರಳಿಗೆ ಸಲೀಸಾಗಿ ತಿರುಗುತ್ತದೆ. ಯಂತ್ರ ಪಳಗಿತೆಂದು ಇಬ್ಬರಿಗೂ ಆನಂದ. ಬಂಡಿಯಲ್ಲಿ ಕೂರಿಸಿ ಮೈದಾನಕ್ಕೆ ಒಯ್ದು ನಿಜವಾದ ಕಾವಿಗೆ ತಂದಾಗ ಕಂಠವು ಅಗಲವಾಗುತ್ತದೆ, ಅಪ್ಪುವುದಕ್ಕೆ ಪಿಸ್ಟನ್ನಿನಲ್ಲಿ ಮೈ ಉಳಿದಿಲ್ಲ, ಒತ್ತಡವು ಸೋರಿಹೋಗುತ್ತದೆ, ಬಂಡಿಯು ನಿಂತಲ್ಲಿಯೇ ಆರುತ್ತದೆ. ಕೊಳವೆಯನ್ನು ಒತ್ತಿ ಮತ್ತೆ ಕಿರಿದುಮಾಡಿಕೊಡುವ ಕುಶಲಕರ್ಮಿಗಳು ಇದ್ದಾರೆ. ಆದರೆ ಅದು ಬಿರಿದ ಕೊಡಕ್ಕೆ ಅರಗಿನ ಬೆಸುಗೆ. ಹಿರಿಯರು ಈಗಿನ ಕಾಲದ ಲೋಹವೇ ಹೀಗೆಂದು ನಿಟ್ಟುಸಿರಿಡುತ್ತಾರೆ. ಹುಡುಗನು ತನ್ನ ಕೈಗುಣವೇ ಸರಿಯಿಲ್ಲವೆಂದು ತಿಳಿದು ಬಂಡಿಯನ್ನು ಅಟ್ಟಕ್ಕೆ ಏರಿಸುತ್ತಾನೆ. ಯಂತ್ರವು ಹೋದುದಕ್ಕಿಂತ ಈ ಎರಡನೆಯ ನಷ್ಟವೇ ದೊಡ್ಡದು. ಅವಿಧೇಯತೆಯಿಂದ ಕೆಟ್ಟ ಹುಡುಗನಿಗೆ ತಾನು ಏಕೆ ಕೆಟ್ಟೆನೆಂದು ಗೊತ್ತಿರುತ್ತದೆ. ವಿಧೇಯತೆಯಿಂದ ಕೆಟ್ಟವನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಹಿರಿಯರು ಸುಳ್ಳಾಡಿದರೇ? ಇಲ್ಲ. ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಪರಿಚಿತವಾದ ಹೇತ್ವಾಭಾಸ. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ಸರಿ; ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು. ಏಕೆಂದರೆ ಹಸಿಯ ಸೌದೆಯೆಂಬ ಉಪಾಧಿಯು ಅಲ್ಲಿ ಸೇರಿಕೊಂಡಿದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಪಾಠಶಾಲೆಯ ಮೊದಲನೆಯ ವರ್ಷದಲ್ಲಿಯೇ ಈ ಉದಾಹರಣೆಯನ್ನು ಬಾಯಿಪಾಠ ಮಾಡಿಸುತ್ತಾರೆ. ತಣ್ಣಗೆ ಓಡಿಸಿದರೆ ಯಂತ್ರ ಉಳಿಯುವುದೆಂಬ ವ್ಯಾಪ್ತಿಯಲ್ಲಿಯೂ ಕಬ್ಬಿಣವೆಂಬ ಉಪಾಧಿಯೊಂದು ಅಡಗಿ ಕುಳಿತಿತ್ತು. ಎಲ್ಲ ಯಂತ್ರಗಳೂ ಕಬ್ಬಿಣದವಾಗಿದ್ದಷ್ಟು ಕಾಲ ಅದನ್ನು ಯಾರೂ ಹೆಸರಿಸಬೇಕಾಗಿರಲಿಲ್ಲ. ಲೋಹವು ಬದಲಾಯಿತು, ವಿಧಿಯು ಬದಲಾಗಲಿಲ್ಲ. ಕಾರ್ಖಾನೆಗಳವರು ಯಂತ್ರದೊಡನೆ ಕೊಡುವ ಸೂಚನಾಪತ್ರಗಳಲ್ಲಿಯೂ ಬಹುಕಾಲ ಹಳೆಯ ವಿಧಿಯೇ ಉಳಿದುಕೊಂಡಿದ್ದುದುಂಟು. ಬರೆದವರಿಗೆ ಕಾರಣ ಗೊತ್ತಿರಲಿಲ್ಲವೆಂದಲ್ಲ. ಗಿರಾಕಿಯು ಯಂತ್ರವನ್ನು ಸುಟ್ಟುಕೊಳ್ಳುವುದಕ್ಕಿಂತ ತಣ್ಣಗಿಟ್ಟು ಮೆಲ್ಲನೆ ಸವೆಸುವುದು ವಾಸಿಯೆಂದು ಎಣಿಸಿದ್ದಿರಬಹುದು.

ಎ.ಬಿ.ಸಿ. ಯಂತ್ರವನ್ನು ಪಳಗಿಸುವ ಕ್ರಮವೇ ಬೇರೆ. ಚಾಲೂ ಮಾಡುವುದಕ್ಕೆ ಮುಂಚೆಯೇ ಅದನ್ನು ಕಾಯಿಸಬೇಕು. ಹೆಂಗಸರು ಕೂದಲನ್ನು ಆರಿಸಿಕೊಳ್ಳುವ ಬಿಸಿಗಾಳಿಯ ಯಂತ್ರವೇ ಇದಕ್ಕೆ ಸಾಕು. ತಲೆಯ ಭಾಗವು ತೊಂಬತ್ತು ಡಿಗ್ರಿಯ ಆಸುಪಾಸಿಗೆ ಬಂದಾಗ, ಮೊದಲು ಕಲ್ಲಿನಂತೆ ಕಚ್ಚಿಕೊಂಡಿದ್ದ ಫ್ಲೈವೀಲು ಬೆರಳಿಗೆ ಮಣಿಯತೊಡಗುವುದು. ಆಗ ಚಾಲೂ ಮಾಡಬೇಕು. ಮಿಶ್ರಣದಲ್ಲಿ ಇಂಧನವು ಹೆಚ್ಚಾಗಿಯೇ ಇರಬೇಕು, ಆದರೆ ಯಂತ್ರವು ತಣ್ಣಗಾಗಿ ಗೊಣಗುವಷ್ಟಲ್ಲ. ತಲೆಯ ಕಾವು ತೊಂಬತ್ತಕ್ಕಿಂತ ಕೆಳಗಿಳಿಯದಂತೆಯೂ ನೂರನ್ನು ಬಹಳ ಮೀರದಂತೆಯೂ ನೋಡಿಕೊಳ್ಳಬೇಕು. ಚಳಿದೇಶಗಳಲ್ಲಿ ಇದಕ್ಕಾಗಿ ಬೀಸಣಿಗೆಯನ್ನು ನಿಲ್ಲಿಸಿ, ತಲೆಯ ರೆಕ್ಕೆಗಳಿಗೆ ತಗಡಿನ ಹಾಳೆಯನ್ನು ಸುತ್ತುವುದೂ ಉಂಟು. ಎಳೆಗೂಸಿಗೆ ಕುಲಾವಿ ಕಟ್ಟಿದಂತೆ. ದೂರದಿಂದಲೇ ಕಾವನ್ನು ಅಳೆಯುವ ಉಪಕರಣಗಳು ಈಗ ಅಗ್ಗವಾಗಿವೆ. ಅವು ಇಲ್ಲದಿದ್ದ ಕಾಲದಲ್ಲಿ ತಲೆಯ ಮೇಲೆ ಒಂದು ಹನಿ ನೀರನ್ನು ಹಾಕಿ ನೋಡುತ್ತಿದ್ದರು. ಹನಿಯು ಸುಮ್ಮನೆ ಕುಳಿತರೆ ತಣ್ಣಗಿದೆ; ಬಿದ್ದೊಡನೆ ಚುರ್ರೆಂದು ಹಾರಿದರೆ ಕಾವು ಮಿತಿಮೀರಿದೆ; ಮೂರು ನಾಲ್ಕು ಸೆಕೆಂಡು ಕುದಿದು ಆರಿದರೆ ಸರಿಯಾಗಿದೆ. ಕಾವಲಿಯ ಮೇಲೆ ನೀರು ಚಿಮುಕಿಸಿ ಹದ ನೋಡುವ ಕೈಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಅರ್ಧ ತೊಟ್ಟಿಯೋ ಒಂದು ತೊಟ್ಟಿಯೋ ಮುಗಿದೊಡನೆ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಆಮೇಲೆ ಮತ್ತೆ ಕಾಯಿಸಿ ಮತ್ತೆ ಓಡಿಸಬೇಕು. ಬಂಗಾರವನ್ನು ಪುಟಕ್ಕಿಡುವಂತೆಯೂ, ವೈದ್ಯರು ಭಸ್ಮಗಳಿಗೆ ಪುಟದ ಮೇಲೆ ಪುಟವನ್ನು ಕೊಡುವಂತೆಯೂ, ಇಲ್ಲಿ ಕಾಯುವುದಷ್ಟೇ ಅಲ್ಲ, ಆರುವುದೂ ಸಂಸ್ಕಾರದ ಭಾಗವೇ. ಪ್ರತಿ ಪುಟದಲ್ಲಿಯೂ ಎರಡು ಲೋಹಗಳು ಹಿಗ್ಗಿ ಕುಗ್ಗಿ ಒಂದರ ಅಳತೆಯನ್ನೊಂದು ಕಲಿಯುತ್ತವೆ. ಆರಲು ಬಿಡುವಾಗ ಮರೆಯಬಾರದ ಒಂದು ಸೂಕ್ಷ್ಮವುಂಟು. ಪಿಸ್ಟನ್ನು ಕಂಠದಲ್ಲಿ ನಿಂತಿರುವಾಗ ಯಂತ್ರವು ತಣ್ಣಗಾದರೆ, ಕುಗ್ಗುವ ಕೊಳವೆಯು ಅದನ್ನು ಅಲ್ಲಿಯೇ ಬಿಗಿದು ಹಿಡಿಯುವುದು. ಬಿಡಿಸುವಾಗ ಎರಡಕ್ಕೂ ಪೆಟ್ಟು. ಆದುದರಿಂದ ಪಿಸ್ಟನ್ನು ಅಡಿಯಲ್ಲಿರುವ ಸ್ಥಾನವನ್ನು ಫ್ಲೈವೀಲಿನ ಮೇಲೆ ಬಣ್ಣದ ಗೆರೆಯಿಂದ ಮೊದಲೇ ಗುರುತಿಸಿಟ್ಟು, ಯಂತ್ರ ನಿಂತೊಡನೆ ಹೆಬ್ಬೆರಳಿನಿಂದ ಆ ಗೆರೆಗೆ ತಿರುಗಿಸುತ್ತಾರೆ. ಎಷ್ಟು ಪುಟ ಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ನಾಲ್ಕು ತೊಟ್ಟಿ ಸಾಕೆಂಬವರುಂಟು, ಹತ್ತು ಬೇಕೆಂಬವರುಂಟು. ಲೆಕ್ಕವನ್ನು ನಂಬುವುದಕ್ಕಿಂತ ಬೆರಳನ್ನು ನಂಬುವುದು ಮೇಲು: ತಣ್ಣಗಿರುವಾಗ ಕಂಠದಲ್ಲಿ ಬಿಗಿತವು ಇನ್ನೂ ಸ್ಪಷ್ಟವಾಗಿರಬೇಕು, ಕಾದಾಗ ಅದು ಕರಗಬೇಕು. ತಣ್ಣಗಿರುವಾಗಲೂ ಬಿಗಿತವಿಲ್ಲದ ಯಂತ್ರವು ಪಳಗಿದ್ದಲ್ಲ, ಮುಪ್ಪಾದುದು.

ಹಾಗಾದರೆ ಪೀಠವು ಬೇಡವೇ ಎಂದು ಕೇಳಬಹುದು. ಬೇಡವೆಂದು ವಾದಿಸುವ ಪಂಗಡವೊಂದು ಬಲವಾಗಿಯೇ ಇದೆ. ಯಂತ್ರವನ್ನು ನೇರವಾಗಿ ಬಂಡಿಯಲ್ಲಿಯೇ ಕೂರಿಸಿ, ಮೇಲಿನ ಹೊದಿಕೆಯನ್ನು ತೆಗೆದು, ಬಯಲಿನಲ್ಲಿ ಎಂಟರ ಅಂಕೆಯಂತೆ ಸುತ್ತಾಡಿಸಿದರೆ, ಹೊರೆಯೂ ಸಿಕ್ಕುವುದು, ಕಾವೂ ಏರಿಳಿಯುವುದು, ನಿಜವಾದ ಬಾಳಿಗೆ ತಕ್ಕ ಅಭ್ಯಾಸವೂ ಆಗುವುದು ಎಂಬುದು ಅವರ ಮತ. ಯಂತ್ರವು ಪೀಠದ ಮೇಲೆ ಕಲಿಯಬಹುದಾದುದು ಅತ್ಯಲ್ಪವೆಂಬುದು ನಿಜವೇ. ಆದರೆ ಪೀಠದ ಮೇಲೆ ಕಲಿಯುವವನು ಯಂತ್ರವೊಂದೇ ಅಲ್ಲ. ಸೂಜಿತಿರುಪನ್ನು ಎಂಟನೆಯ ಒಂದು ಪಾಲು ತಿರುಗಿಸಿದರೆ ದನಿ ಹೇಗೆ ಬದಲಾಗುವುದು, ಹೊಗೆಯ ಬಣ್ಣ ಏನಾಗುವುದು, ಇಂಧನ ಹೆಚ್ಚಾದಾಗಿನ ಗೊಗ್ಗರು ಧ್ವನಿಗೂ ಕಡಮೆಯಾದಾಗಿನ ಕೀರಲು ಧ್ವನಿಗೂ ಭೇದವೇನು, ಇವನ್ನೆಲ್ಲ ಐವತ್ತು ಗಜ ದೂರದಲ್ಲಿ ಧೂಳೆಬ್ಬಿಸಿಕೊಂಡು ಓಡುವ ಬಂಡಿಯಿಂದ ಹೊಸಬನು ಕಲಿಯಲಾರನು. ಧೂಳೇ ಒಂದು ಶತ್ರು; ಹೊಸ ಕೊಳವೆಗೆ ಮರಳಿನ ಒಂದು ಕಣವು ಹೋದರೂ ಗೀರು ತಪ್ಪದು. ಮೇಜಿನ ಮೇಲಾದರೆ ಕಣ್ಣು ಕಿವಿ ಕೈ ಮೂರೂ ಒಂದು ಗೇಣಿನ ಅಂತರದಲ್ಲಿರುತ್ತವೆ. ಆದಕಾರಣ ಮೊದಲ ಎರಡು ಪುಟಗಳು ಕಾವು ಕೊಟ್ಟ ಪೀಠದ ಮೇಲೆ, ಮಿಕ್ಕವು ಬಯಲಿನಲ್ಲಿ ಎಂಬ ಮಧ್ಯಮ ಮಾರ್ಗವೇ ಯುಕ್ತವೆಂದು ತೋರುತ್ತದೆ. ಪೀಠದ ಮೇಲೆಯೇ ವಾರಗಟ್ಟಲೆ ಇಟ್ಟ ಯಂತ್ರವು ಪರೀಕ್ಷೆಗೆಂದೇ ಓದಿದ ಹುಡುಗನಂತೆ. ಕೇಳಿದ ಪ್ರಶ್ನೆಗೆ ಉತ್ತರ ಬರುವುದು, ಕೇಳದ ಪ್ರಶ್ನೆಗೆ ಬಾರದು. ಬೆಂಕಿಯಿಲ್ಲದೆಯೇ ವಿದ್ಯುಚ್ಛಕ್ತಿಯ ಮೋಟಾರಿನಿಂದ ಹೊಸ ಯಂತ್ರವನ್ನು ಗಂಟೆಗಟ್ಟಲೆ ತಿರುಗಿಸಿ ಪಳಗಿಸುವ ಪೀಠಗಳೂ ಬಂದಿವೆ. ಕೊಳವೆಯನ್ನು ಹೊರಗಿನಿಂದ ಕಾಯಿಸುವ ಏರ್ಪಾಡು ಅವುಗಳಲ್ಲಿ ಇಲ್ಲದಿದ್ದರೆ, ಹುಡುಗನ ಕಥೆಯೇ ಇನ್ನೊಂದು ರೂಪದಲ್ಲಿ ನಡೆದಂತಾಗುವುದು.

ಈ ವಿದ್ಯೆಗೆ ಇನ್ನೆಷ್ಟು ಕಾಲದ ಬಾಳು ಉಳಿದಿದೆಯೋ ಹೇಳಬರುವಂತಿಲ್ಲ. ಲಿಥಿಯಂ ಬ್ಯಾಟರಿಗಳೂ ಬ್ರಷ್ಷಿಲ್ಲದ ಮೋಟಾರುಗಳೂ ಬಂದ ಮೇಲೆ ಹೊಸಬರಲ್ಲಿ ಬಹುಮಂದಿ ಹೊಗೆಯ ಯಂತ್ರದ ಕಡೆಗೆ ತಿರುಗಿಯೂ ನೋಡುವುದಿಲ್ಲ. ಆ ಮೋಟಾರಿಗೆ ಪಳಗಿಸುವ ಕಾಟವಿಲ್ಲ. ತಂದ ದಿನವೇ ಪೂರ್ಣವೇಗದಲ್ಲಿ ಓಡುತ್ತದೆ. ನೈಟ್ರೋಮೀಥೇನು ಸ್ಫೋಟಕಗಳ ತಯಾರಿಕೆಗೂ ಒದಗುವ ದ್ರವ್ಯವಾದ್ದರಿಂದ, ತೂಕದಲ್ಲಿ ನೂರಕ್ಕೆ ೧೬ಕ್ಕಿಂತ ಹೆಚ್ಚಾಗಿ ಅದು ಬೆರೆತ ಇಂಧನವನ್ನು ಸಾಮಾನ್ಯ ಜನರಿಗೆ ಹಾಗೆಯೇ ಮಾರಬಾರದೆಂದು ಯೂರೋಪಿನ ಒಕ್ಕೂಟವು ೨೦೧೯ರಲ್ಲಿ ಕಟ್ಟಳೆಯನ್ನು ಮಾಡಿತು. ಅದು ೨೦೨೧ರಿಂದ ಆಚರಣೆಯಲ್ಲಿದೆ. ಮಾದರಿ ಯಂತ್ರಗಳನ್ನು ಮಾಡುತ್ತಿದ್ದ ಕಾರ್ಖಾನೆಗಳ ಸಂಖ್ಯೆಯೂ ಮೊದಲಿನಷ್ಟಿಲ್ಲ. ಜಪಾನಿನ ಒಸಾಕಾದಲ್ಲಿ ಶಿಗೆಯೋ ಒಗಾವಾ ಎಂಬಾತನು ೧೯೩೬ರಲ್ಲಿ ಸ್ಥಾಪಿಸಿದ ಕಾರ್ಖಾನೆಯು ಒ.ಎಸ್. ಎಂಬ ಅವನ ಹೆಸರಿನ ಮೊದಲಕ್ಷರಗಳನ್ನೇ ತನ್ನ ಯಂತ್ರಗಳಿಗೆ ಇಟ್ಟು ಲೋಕವೆಲ್ಲ ಹೆಸರಾಯಿತು. ಅಂಥ ಯಂತ್ರವೊಂದನ್ನು ಹಳೆಯ ಸಾಮಾನಿನ ನಡುವೆ, ಎಣ್ಣೆಕಾಗದದಲ್ಲಿ ಸುತ್ತಿದ ಹಾಗೆಯೇ, ಒಮ್ಮೆಯೂ ಓಡದೆ ಇರುವುದನ್ನು ಇಂದಿಗೂ ಯಾರಾದರೂ ಕಂಡು ಕೊಳ್ಳುವುದುಂಟು. ಅವರು ಮೊದಲು ವಿಚಾರಿಸಬೇಕಾದುದು ಅದರ ವಯಸ್ಸನ್ನಲ್ಲ, ಒಳಗಣ ಲೋಹವನ್ನು. ಕಬ್ಬಿಣವಾದರೆ ತಂಪು, ಎ.ಬಿ.ಸಿ.ಯಾದರೆ ಕಾವು.

ದಿನದ ಕೆಲಸ ಮುಗಿದ ಮೇಲಿನ ಉಪಚಾರವೊಂದು ಉಳಿದಿದೆ. ಮೆಥನಾಲು ಗಾಳಿಯಲ್ಲಿಯ ನೀರನ್ನು ಹೀರಿಕೊಳ್ಳುವ ದ್ರವ್ಯ. ಯಂತ್ರದ ಹೊಟ್ಟೆಯಲ್ಲಿ ಅದರ ಶೇಷವು ನಿಂತರೆ ಉಕ್ಕಿನ ಗುಂಡುಗಳ ಬೇರಿಂಗಿಗೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುವುದು. ಆದುದರಿಂದ ತೊಟ್ಟಿಯನ್ನು ಬರಿದುಮಾಡಿ, ಕೊಳವೆಯಲ್ಲಿ ಉಳಿದುದನ್ನು ಯಂತ್ರವು ಕುಡಿದು ತಾನಾಗಿ ಆರುವವರೆಗೆ ಓಡಿಸಿ, ಪ್ಲಗ್ಗನ್ನು ಬಿಚ್ಚಿ, ಮೇಲಿನಿಂದಲೂ ಕಾರ್ಬುರೇಟರಿನಿಂದಲೂ ಕೆಲವು ಹನಿ ತೆಳುವಾದ ಎಣ್ಣೆಯನ್ನು ಬಿಡುತ್ತಾರೆ. ನಾಲ್ಕು ಸುತ್ತು ಕೈಯಿಂದ ತಿರುಗಿಸಿ, ಪ್ಲಗ್ಗನ್ನು ಹಾಕಿ, ಬಣ್ಣದ ಗೆರೆಯನ್ನು ಅದರ ಸ್ಥಾನಕ್ಕೆ ತಂದು, ಬಟ್ಟೆಯನ್ನು ಮುಚ್ಚಿಡುತ್ತಾರೆ.